ಜಾಲಹಳ್ಳಿಯ ವಾಲ್ವು, ಗಿಟಾರಿನ ಗುಡುಗು

1961ರಲ್ಲಿ ಬೆಂಗಳೂರಿನ ಉತ್ತರದ ಅಂಚಿನಲ್ಲಿ ಎರಡು ಹೊಸ ಕೆಲಸಗಳು ಶುರುವಾದವು. ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಕೈಗಡಿಯಾರದ ಕಾರ್ಖಾನೆ ತೆರೆಯಿತು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಜನರ ಬಾಯಲ್ಲಿನ ಬಿಇಎಲ್, ರೇಡಿಯೋದಲ್ಲಿ ದನಿ ಹಿಗ್ಗಿಸುವ ಗಾಜಿನ ಕೊಳವೆಯಾದ ವಾಲ್ವು ತಯಾರಿಸತೊಡಗಿತು. ಗಡಿಯಾರವನ್ನು ಯಾರೂ ಮರೆತಿಲ್ಲ. ಅದು ಮದುವೆಯ ಉಡುಗೊರೆಯಾಯಿತು, ಎಸ್ಸೆಸ್ಸೆಲ್ಸಿ ಪಾಸಾದ ಮಗನ ಕೈಗೆ ಬಂತು, ತಯಾರಿಕೆ ನಿಂತುಹೋದ ಮೇಲೆ ಅದರ ಬಗ್ಗೆ ಕಣ್ಣೀರಿನ ಲೇಖನಗಳೂ ಬಂದವು. ವಾಲ್ವಿಗೆ ಆ ಭಾಗ್ಯ ಇರಲಿಲ್ಲ. ಅದು ರೇಡಿಯೋದ ಬೆನ್ನಿನ ರಟ್ಟಿನ ಹಿಂದೆ, ಧೂಳಿನ ನಡುವೆ ಉರಿಯುತ್ತಿತ್ತು. ಕೆಟ್ಟಾಗ ಮಾತ್ರ ಮನೆಯವರಿಗೆ ಅದರ ಮುಖದರ್ಶನ.

ಆ ವಾಲ್ವನ್ನೇ ಇವತ್ತು ದೂರದೇಶದ ಗಿಟಾರಿನವರು ಹುಡುಕಿಕೊಂಡು ಕೊಳ್ಳುತ್ತಾರೆ.

ಬಿಇಎಲ್ ಹುಟ್ಟಿದ್ದು 1954ರಲ್ಲಿ, ರಕ್ಷಣಾ ಇಲಾಖೆಯ ಅಡಿಯಲ್ಲಿ. ಸೈನ್ಯಕ್ಕೆ ಬೇಕಾದ ಸಂಪರ್ಕ ಸಾಧನಗಳನ್ನು ದೇಶದಲ್ಲೇ ಮಾಡಿಕೊಳ್ಳಬೇಕೆಂಬುದು ಮೂಲ ಉದ್ದೇಶ. 1956ರಲ್ಲಿ ಉತ್ಪಾದನೆ ಶುರುವಾಯಿತು, ಐದು ವರ್ಷದ ಮೇಲೆ ವಾಲ್ವು ಬಂತು. ಹೊತ್ತು ಮಾತ್ರ ಕೆಟ್ಟದ್ದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1947ರಲ್ಲೇ ವಾಲ್ವಿನ ಕೆಲಸವನ್ನೇ ಮಾಡುವ ಪುಟ್ಟ ಟ್ರಾನ್ಸಿಸ್ಟರ್ ಹುಟ್ಟಿ, ವಾಲ್ವಿನ ದಿನಗಳು ಎಣಿಕೆಗೆ ಬಿದ್ದಿದ್ದವು. ಸ್ವತಃ ಬಿಇಎಲ್ ಮರುವರ್ಷವೇ, 1962ರಲ್ಲಿ, ಟ್ರಾನ್ಸಿಸ್ಟರಿನ ಬಳಗವಾದ ಜರ್ಮೇನಿಯಂ ಅರೆವಾಹಕಗಳನ್ನು ತಯಾರಿಸತೊಡಗಿತು. ವಾಲ್ವು, ಅದರ ಶತ್ರು, ಎರಡೂ ಒಂದೇ ಕಂಪನಿಯ ಕೂಸುಗಳು.

ವಾಲ್ವಿನ ತತ್ವ ಹಳೆಯದು, ಸರಳವಾದದ್ದು. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಮಾಡಿದ ವಾಲ್ವಿನಲ್ಲಿ ಎರಡೇ ಅಂಗಗಳಿದ್ದವು: ಕಾದು ಎಲೆಕ್ಟ್ರಾನು ಚೆಲ್ಲುವುದೊಂದು, ಅದನ್ನು ಹಿಡಿದುಕೊಳ್ಳುವ ಪ್ಲೇಟು ಇನ್ನೊಂದು. ಎರಡು ವರ್ಷದ ನಂತರ ಅಮೆರಿಕದ ಲೀ ಡಿ ಫಾರೆಸ್ಟ್ ಇವುಗಳ ಜೊತೆಗೆ ಗ್ರಿಡ್ ಎಂಬ ಮೂರನೆಯ ಅಂಗವನ್ನು ಸೇರಿಸಿದ. ಅಲ್ಲಿಂದ ಕಥೆಯೇ ಬದಲಾಯಿತು. ಗ್ರಿಡ್ಡಿಗೆ ಕೊಟ್ಟ ಚಿಕ್ಕ ಏರಿಳಿತ ಪ್ಲೇಟಿಗೆ ಹರಿಯುವ ದೊಡ್ಡ ಪ್ರವಾಹವನ್ನು ತನ್ನ ತಾಳಕ್ಕೆ ಕುಣಿಸುತ್ತದೆ. ಕೆರೆಯ ತೂಬಿನ ಹಲಗೆಯನ್ನು ಒಬ್ಬ ನೀರುಗಂಟಿ ಎತ್ತಿ ಇಳಿಸಿ ಇಡೀ ಬಯಲಿನ ನೀರನ್ನು ಆಳಿದ ಹಾಗೆ. ದನಿ ದೊಡ್ಡದಾಗುವುದು ಹೀಗೆ. ತಯಾರಿಕೆ ಮಾತ್ರ ಸರಳವಲ್ಲ. ಹೆಬ್ಬೆರಳು ಗಾತ್ರದ ಗಾಜಿನೊಳಗೆ ಕೂದಲೆಳೆಯ ತಂತಿಯನ್ನು ಸಮನಾಗಿ ಸುತ್ತಬೇಕು, ಅಭ್ರಕದ ಬಿಲ್ಲೆಗಳ ನಡುವೆ ಎಲ್ಲವನ್ನೂ ಅಲುಗಾಡದಂತೆ ಕೂರಿಸಬೇಕು, ಗಾಳಿಯನ್ನೆಲ್ಲ ಹೀರಿ ಮುಚ್ಚಬೇಕು. ಕೊನೆಗೆ ಒಳಗಿಟ್ಟ ಚೂರು ಬೇರಿಯಂ ಲೋಹವನ್ನು ಹೊರಗಿನಿಂದಲೇ ಕಾಯಿಸಿ ಆವಿಯಾಗಿಸುತ್ತಾರೆ. ಅದು ಉಳಿದ ಅನಿಲವನ್ನು ನುಂಗಿ ಗಾಜಿನ ತುದಿಗೆ ಬೆಳ್ಳಿಯ ಮೆರುಗಾಗಿ ಅಂಟುತ್ತದೆ. ಗಾಜು ಬಿರುಕು ಬಿಟ್ಟು ಗಾಳಿ ಹೊಕ್ಕರೆ ಆ ಬೆಳ್ಳಿ ಸುಣ್ಣದ ಬಣ್ಣಕ್ಕೆ ತಿರುಗುತ್ತದೆ. ರಿಪೇರಿಯವರು ಮೀಟರು ಹಚ್ಚದೆ, ಒಂದು ನೋಟದಲ್ಲೇ ‘ಹೋಗಿದೆ’ ಅನ್ನುತ್ತಿದ್ದುದು ಇದನ್ನು ನೋಡಿ.

ಬಿಇಎಲ್ ತಯಾರಿಸಿದ ವಾಲ್ವುಗಳಲ್ಲಿ ಈ ಕಥೆಗೆ ಬೇಕಾದದ್ದು ಒಂದೇ: ಇಎಲ್ 84. ಯುರೋಪಿನ ಪದ್ಧತಿಯಲ್ಲಿ ಈ ಹೆಸರೇ ಒಂದು ಜಾತಕ. ‘ಇ’ ಅಂದರೆ ಒಳಗಿನ ತಂತಿ ಕಾಯಲು 6.3 ವೋಲ್ಟ್ ಬೇಕು. ‘ಎಲ್’ ಅಂದರೆ ಸ್ಪೀಕರ್ ನುಡಿಸುವ ಕಸುವಿನ ವಾಲ್ವು. 8 ಅಂದರೆ ಬುಡದಲ್ಲಿ ಒಂಬತ್ತು ಕಡ್ಡಿ. ಭಾರತದ ಮನೆಗಳ ಕರೆಂಟ್ ರೇಡಿಯೋಗಳಲ್ಲಿ ಕೊನೆಯ ಹಂತದಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಇದೇ ಒಂದು ವಾಲ್ವು. ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ 30 ವಾಟ್ ಪ್ರಸಾರಕದಲ್ಲಿ ಶುರು ಮಾಡಿದ ಆಕಾಶವಾಣಿ 1955ರಲ್ಲಿ ಬೆಂಗಳೂರಿಗೆ ಬಂದಿತ್ತು. ಅರುವತ್ತರ ದಶಕದಲ್ಲಿ ಅದರ ವಾರ್ತೆ, ನಾಟಕ, ಚಿತ್ರಗೀತೆಗಳು ಎಷ್ಟೋ ನಡುಮನೆಗಳಲ್ಲಿ ಒಂಟಿ ಇಎಲ್ 84ರ ಮೂಲಕ ಹೊರಬಿದ್ದವು. ಸ್ವಿಚ್ ಹಾಕಿ ಅರ್ಧ ನಿಮಿಷ ಕಾಯಬೇಕಿತ್ತು. ಸ್ಟೇಷನ್ ಸರಿಯಾಗಿ ಸಿಕ್ಕಿತೇ ಎಂದು ತೋರಿಸುವ ಹಸಿರು ಬೆಳಕಿನ ಕಣ್ಣು ನಿಧಾನ ತೆರೆದುಕೊಂಡ ಮೇಲೆ ದನಿ.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇದೇ ವಾಲ್ವಿಗೆ ಬೇರೆಯೇ ಬಾಳು ಸಿಕ್ಕಿತ್ತು. ಡಾರ್ಟ್‌ಫರ್ಡ್ ಎಂಬ ಊರಿನಲ್ಲಿ ಟಾಮ್ ಜೆನ್ನಿಂಗ್ಸ್ ಅವರ ಕಂಪನಿಗೆ ಡಿಕ್ ಡೆನ್ನಿ ಎಂಬ ತಂತ್ರಜ್ಞ ವಾಕ್ಸ್ ಹೆಸರಿನ ಗಿಟಾರ್ ಆಂಪ್ಲಿಫೈಯರುಗಳನ್ನು, ಅಂದರೆ ದನಿ ಹಿಗ್ಗಿಸುವ ಆಂಪ್‌ಗಳನ್ನು ರೂಪಿಸುತ್ತಿದ್ದರು. ಮೊದಲು ಬಂದದ್ದು 15 ವಾಟಿನ ಎಸಿ 15. ಕಿರುಚುವ ಅಭಿಮಾನಿಗಳ ಮುಂದೆ ಅದರ ದನಿ ಸಾಲದಾಯಿತು. 1959ರ ಸುಮಾರಿಗೆ ನಾಲ್ಕು ಇಎಲ್ 84 ಹೊತ್ತ ಎಸಿ 30 ಬಂತು. ಶ್ಯಾಡೋಸ್ ತಂಡ ಅದನ್ನು ಹಿಡಿಯಿತು, 1962ರ ಹೊತ್ತಿಗೆ ಬೀಟಲ್ಸ್ ಹಿಡಿದರು. ಇಲ್ಲಿ ಮಲ್ಲೇಶ್ವರದ ಯಾವುದೋ ಅಜ್ಜನ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಓದುತ್ತಿದ್ದ ವಾಲ್ವಿನ ನಾಲ್ಕು ಅಣ್ಣತಮ್ಮಂದಿರು ಅಲ್ಲಿ ಹುಡುಗಿಯರನ್ನು ಮೂರ್ಛೆ ಬೀಳಿಸುತ್ತಿದ್ದರು.

ಇಲ್ಲೊಂದು ತಮಾಷೆಯಿದೆ. ಇಎಲ್ 84ರ ತಾಂತ್ರಿಕ ವಿವರಪತ್ರದ ಪ್ರಕಾರ ಒಂಟಿ ವಾಲ್ವು 5.7 ವಾಟ್ ಕೊಡುವಾಗ ದನಿಯಲ್ಲಿ 10% ವಿಕಾರ ಸೇರಿಕೊಳ್ಳುತ್ತದೆ. ರೇಡಿಯೋ ಎಂಜಿನಿಯರಿಗೆ ಅದು ದಾಟಬಾರದ ಗೆರೆ. ಗಿಟಾರಿನವನ ಊಟ ಶುರುವಾಗುವುದೇ ಆ ಗೆರೆಯ ಆಚೆ. ಮಿತಿ ಮೀರಿ ದೂಡಿದಾಗ ಟ್ರಾನ್ಸಿಸ್ಟರು ದನಿಯ ತುದಿಯನ್ನು ಕತ್ತರಿಸಿ ಬಿಸಾಡುತ್ತದೆ; ವಾಲ್ವು ಅದನ್ನು ಬಗ್ಗಿಸುತ್ತದೆ, ದುಂಡಗಾಗಿಸುತ್ತದೆ, ಸ್ವರದ ಜೊತೆ ಅದರ ಮೇಲಿನ ಸ್ವರಗಳನ್ನೂ ಎಬ್ಬಿಸುತ್ತದೆ. ಮೆಲ್ಲಗೆ ಮೀಟಿದರೆ ಶುದ್ಧ, ಜೋರಾಗಿ ಮೀಟಿದರೆ ಗೊರಗೊರ. ಎಂಜಿನಿಯರುಗಳು ದಶಕಗಟ್ಟಲೆ ಓಡಿಸಲು ಹೆಣಗಿದ ದೋಷವನ್ನೇ ರಾಕ್ ಸಂಗೀತ ಕಾಸು ಕೊಟ್ಟು ಕೊಂಡಿತು.

ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಗಿಟಾರ್ ಹಳೆಯ ಗೆಳೆಯ. ಎಪ್ಪತ್ತರ ದಶಕದಲ್ಲಿ ಹ್ಯೂಮನ್ ಬಾಂಡೇಜ್‌ನಂಥ ರಾಕ್ ತಂಡಗಳು ಇಲ್ಲಿದ್ದವು. ಪರದೇಶದ ಆಂಪ್ ತರಿಸುವುದು ಲೈಸೆನ್ಸ್ ಮತ್ತು ಸುಂಕದ ಕಾಲದಲ್ಲಿ ಹುಡುಗಾಟವಲ್ಲ. ಹಾಗಾಗಿ ದೇಶದ ಎಲ್ಲ ಊರುಗಳಂತೆ ಇಲ್ಲೂ ರೇಡಿಯೋ ರಿಪೇರಿಯವರು, ಮೈಕ್‌ಸೆಟ್ಟಿನವರು ಕಟ್ಟಿಕೊಟ್ಟ ಪೆಟ್ಟಿಗೆಗಳೇ ಗತಿ. ಆಂಪ್ ಕಟ್ಟುವುದು ಅವರಿಗೆ ಹೊಸ ವಿದ್ಯೆಯಲ್ಲ. ಟ್ಯೂನ್ ಮಾಡುವ ಭಾಗವಿಲ್ಲದ ರೇಡಿಯೋ ಅದು, ಅಷ್ಟೆ. 1981ರಲ್ಲಿ ಶಂಕರ್‌ನಾಗ್ ‘ಗೀತಾ’ ಚಿತ್ರದಲ್ಲಿ ಗಿಟಾರ್ ಹಿಡಿದು ಹಾಡಿ, ದಂಡಿನಾಚೆಯ ಹುಡುಗರಿಗೂ ಅದರ ಹುಚ್ಚು ಹಿಡಿಸಿದ ಹೊತ್ತಿಗೆ ವಾಲ್ವು ಮೂಲೆ ಸೇರಿಯಾಗಿತ್ತು. ಆರ್ಕೆಸ್ಟ್ರಾಗಳಲ್ಲಿ ಟ್ರಾನ್ಸಿಸ್ಟರ್ ಆಂಪ್. ಹೊರಲು ಹಗುರ, ಸ್ವಿಚ್ ಹಾಕಿದೊಡನೆ ದನಿ. ಗಣೇಶೋತ್ಸವದ ಪೆಂಡಾಲಿನಲ್ಲಿ ಇನ್ನೇನು ಬೇಕು?

ವಾಲ್ವು ಮತ್ತೆ ಬಂದದ್ದು ಶ್ರೀಮಂತನ ವೇಷದಲ್ಲಿ. ಅಮೆರಿಕದಲ್ಲಿ ಹವರ್ಡ್ ಡಂಬಲ್, ಟ್ರೇನ್‌ರೆಕ್‌ನ ಕೆನ್ ಫಿಶರ್ ಮುಂತಾದವರು ಒಂದೊಂದೇ ಆಂಪನ್ನು ಕೈಯಲ್ಲಿ ಬೆಸುಗೆ ಹಾಕಿ ಕಟ್ಟಿದರು. 1989ರಲ್ಲಿ ಶುರುವಾದ ಮ್ಯಾಚ್‌ಲೆಸ್ ಕಂಪನಿ ಎಸಿ 30ರ ಜಾಡನ್ನೇ ಹಿಡಿಯಿತು. ಬೊಟೀಕ್ ಆಂಪ್ ಎಂಬ ಹೆಸರು ಬಿತ್ತು, ಬೆಲೆಯೂ ಅದಕ್ಕೆ ತಕ್ಕಂತೆ ಏರಿತು.

ಈಗ ಅಂಥ ಆಂಪ್ ಬೆಂಗಳೂರಿನ ಬೇಗೂರಿಗೂ ಬರುತ್ತದೆ. ಆ ಊರಿನ ಇಂದಿನ ಚಹರೆ ಅಪಾರ್ಟ್‌ಮೆಂಟುಗಳದ್ದು. ಪೆಟ್ಟಿಗೆ ಬಿಚ್ಚಿದವರ ಮೊದಲ ಮಾತು ದನಿಯ ಬಗ್ಗೆ ಇರುವುದಿಲ್ಲ, ತೂಕದ ಬಗ್ಗೆ: ಒಳಗಿನ ಟ್ರಾನ್ಸ್‌ಫಾರ್ಮರುಗಳು ಬರೀ ಕಬ್ಬಿಣ ಮತ್ತು ತಾಮ್ರ. ಅಮೆರಿಕದ ಯಂತ್ರವಾದರೆ 120 ವೋಲ್ಟ್, ಇಲ್ಲಿನದು 230. ಇಳಿಸುವ ಇನ್ನೊಂದು ಟ್ರಾನ್ಸ್‌ಫಾರ್ಮರು ಬೇಕು. ಕರೆಂಟ್ ಹೋಗಿ ಅಗ್ಗದ ಇನ್ವರ್ಟರಿಗೆ ಬಿದ್ದರೆ ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು. ಇಷ್ಟೆಲ್ಲ ಆಗಿ, ದನಿ ಬಾಗಿ ಗೊರಗುಟ್ಟುವ ಘಟ್ಟ ಮುಟ್ಟಬೇಕೆಂದರೆ ವಾಲ್ಯೂಮ್ ಏರಿಸಬೇಕು. ಗೋಡೆಯಾಚೆ ಪಕ್ಕದ ಮನೆಯ ಮಗು ಮಲಗಿರುತ್ತದೆ. 30 ವಾಟಿನ ಯಂತ್ರ ಕೊಂಡವನು ಅದರ ನಿಜವಾದ ದನಿಯನ್ನು ಮನೆಯಲ್ಲಿ ಕೇಳುವುದೇ ಇಲ್ಲ.

ಅದಕ್ಕೇ ಮನೆಯಲ್ಲಿ ನುಡಿಸುವವರಿಗೆಂದು 5 ವಾಟಿನ ಪುಟ್ಟ ಆಂಪ್‌ಗಳು ಹುಟ್ಟಿಕೊಂಡವು. ಅವುಗಳಲ್ಲಿ ಎಷ್ಟೋ ಮಾದರಿಗಳ ಹಿಂಬದಿಯ ಜಾಲರಿಯೊಳಗೆ ಇಣುಕಿದರೆ ಕಾಣುವುದು ಒಂದೇ ಒಂದು ಇಎಲ್ 84. ವಾಲ್ವು ಅದೇ, ವಾಟೂ ಹೆಚ್ಚುಕಡಿಮೆ ನಡುಮನೆಯ ರೇಡಿಯೋದಷ್ಟೇ. ಬೆಲೆ ಮಾತ್ರ ಅಜ್ಜನಿಗೆ ಹೇಳುವಂತಿಲ್ಲ.

ಗಿಟಾರಿನವರು ಬಳಸುವ ವಾಲ್ವುಗಳು ಇಂದು ಮುಖ್ಯವಾಗಿ ರಷ್ಯಾ, ಚೀನಾ, ಸ್ಲೊವಾಕಿಯಾಗಳ ಕೆಲವೇ ಕಾರ್ಖಾನೆಗಳಿಂದ ಬರುತ್ತವೆ. 2022ರ ಮಾರ್ಚ್‌ನಲ್ಲಿ, ಉಕ್ರೇನ್ ಯುದ್ಧದ ಆರಂಭದಲ್ಲಿ, ರಷ್ಯಾ ರಫ್ತು ತಡೆದಾಗ ಜಗತ್ತಿನ ಆಂಪ್ ಅಂಗಡಿಗಳೆಲ್ಲ ತತ್ತರಿಸಿದವು, ಬೆಲೆ ಏರಿತು. ಹಾಗಾದಾಗಲೆಲ್ಲ ಹಳೆಯ ದಾಸ್ತಾನಿಗೆ ಬೇಡಿಕೆ. ಬಿಇಎಲ್ ಮುದ್ರೆಯ ಬಳಸದ ವಾಲ್ವುಗಳೂ ಆ ದಾಸ್ತಾನಿನ ಭಾಗ. ಜಾಲಹಳ್ಳಿಯ ಕಾರ್ಖಾನೆ ರೇಡಾರು, ಮತಯಂತ್ರಗಳ ಕಡೆ ಹೊರಳಿ ಎಷ್ಟೋ ಕಾಲವಾಗಿದೆ. ಅದರ ಹಳೆಯ ಸರಕನ್ನು ಬೆಂಗಳೂರಿನ ಎಸ್‌ಪಿ ರೋಡಿನ ಒಳಗಲ್ಲಿಗಳಲ್ಲೋ ಸಂಡೇ ಬಜಾರಿನ ಗೋಣಿತಟ್ಟಿನ ಮೇಲೋ ಹುಡುಕುವವರು ಮೊದಲು ಗಾಜಿನ ತುದಿಯ ಬೆಳ್ಳಿ ನೋಡುತ್ತಾರೆ, ಆಮೇಲೆ ಕಡ್ಡಿಗಳನ್ನು ಎಣಿಸುತ್ತಾರೆ, ಎರಡು ವಾಲ್ವಿನ ಆಂಪ್ ಇದ್ದವರು ಜೋಡಿಗೆ ಹೊಂದುವ ಇನ್ನೊಂದಕ್ಕಾಗಿ ಡಬ್ಬ ಕೆದಕುತ್ತಾರೆ. ಅಂಗಡಿಯವನು ಚಾಲಾಕಿಯಾಗಿದ್ದರೆ ಬೆಲೆ ಹೇಳುವ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ರೇಡಿಯೋಗಾ ಸಾರ್, ಗಿಟಾರಿಗಾ?’