ಉಷಃಕಾಲದ ಓಟಗಾರರು

ಪಂದ್ಯಕ್ಕೆಂದು ದೇಹವನ್ನು ಹದಗೊಳಿಸುವವನು ಸೂರ್ಯೋದಯಕ್ಕೆ ಮೊದಲೇ ಹಾಸಿಗೆಯನ್ನು ಬಿಟ್ಟೇಳಬೇಕೆಂಬ ವಿಧಿಯು ಹಳೆಯದು. ಆದರೆ ಹಾಗೆ ಏಳುವ ಛಲವು ಓಟಗಾರನ ಸ್ವಂತ ಸಂಕಲ್ಪದಿಂದಲೇ ಹುಟ್ಟಬೇಕೆಂದೂ, ಅದು ಕುಂದಿದರೆ ದೋಷವೆಲ್ಲ ಅವನ ಮನಸ್ಸಿನದೆಂದೂ ಭಾವಿಸುವುದು ಈಚಿನ ಕಾಲದ ವಾಡಿಕೆ. ಹಿಂದಿನವರು ಈ ವಿಷಯದಲ್ಲಿ ನಮಗಿಂತ ವ್ಯವಹಾರಜ್ಞರು. ನಸುಕಿನ ನಿದ್ರೆಯೆದುರಿಗೆ ಒಂಟಿ ಮನಸ್ಸಿನ ಪ್ರತಿಜ್ಞೆಯು ಎಷ್ಟು ಹೊತ್ತು ನಿಂತೀತೆಂಬುದನ್ನು ಬಲ್ಲವರಾಗಿ, ಅದರ ಕಾವಲಿಗೆ ಬೇರೊಬ್ಬರನ್ನು ನಿಲ್ಲಿಸಿಕೊಳ್ಳುತ್ತಿದ್ದರು. ನಮ್ಮ ಗರಡಿಗಳಲ್ಲಿ ಇನ್ನೂ ಕತ್ತಲಿರುವಾಗಲೇ ಸಾಮು ಮಾಡುತ್ತಿದ್ದ ಹುಡುಗರಿಗೆ ಉತ್ಸಾಹವು ಮಟ್ಟಿಯ ಮಣ್ಣಿನಿಂದ ಬರುತ್ತಿತ್ತೋ, ಮೂಲೆಯಲ್ಲಿ ಕುಳಿತ ಉಸ್ತಾದನ ಕಣ್ಣಿನಿಂದ ಬರುತ್ತಿತ್ತೋ, ಹೇಳುವುದು ಕಷ್ಟವೇನಲ್ಲ.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಬ್ರಿಟನ್ನಿನ ಶ್ರೀಮಂತರಿಗೆ ನಡಿಗೆಯೂ ಓಟವೂ ಕುದುರೆಯ ಜೂಜಿನಷ್ಟೇ ಪ್ರಿಯವಾದ ಪಣದ ವಸ್ತುಗಳಾಗಿದ್ದವು. ಆ ಕಾಲದ ಪ್ರಖ್ಯಾತ ಪಾದಚಾರಿ, ಸ್ಕಾಟ್ಲೆಂಡಿನ ಯೂರಿಯ ಜಮೀನುದಾರ ಕ್ಯಾಪ್ಟನ್ ರಾಬರ್ಟ್ ಬಾರ್ಕ್ಲೇಯ ಅಭ್ಯಾಸಕ್ರಮವನ್ನು ವಾಲ್ಟರ್ ಥಾಮ್ ಎಂಬವನು 1813ರ ತನ್ನ ಗ್ರಂಥದಲ್ಲಿ ವಿವರವಾಗಿ ಬರೆದಿಟ್ಟಿದ್ದಾನೆ. ಅದರಂತೆ ಅಭ್ಯಾಸಿಯು ಬೆಳಗ್ಗೆ ಐದಕ್ಕೆ ಎದ್ದು, ಅರ್ಧ ಮೈಲಿ ಏರುದಾರಿಯನ್ನು ಪೂರ್ಣ ವೇಗದಿಂದ ಓಡಿ, ಬಳಿಕ ಆರು ಮೈಲಿ ಸಾವಧಾನವಾಗಿ ನಡೆದು, ಏಳರ ಸುಮಾರಿಗೆ ಮನೆ ಸೇರಿ ಅರೆಬೆಂದ ಮಾಂಸವನ್ನೂ ಒಣಗಿದ ರೊಟ್ಟಿಯನ್ನೂ ಹಳೆಯ ಬಿಯರನ್ನೂ ಸೇವಿಸತಕ್ಕದ್ದು. ಪುನಃ ಆರು ಮೈಲಿ ನಡೆದು, ಮಧ್ಯಾಹ್ನ ಅರ್ಧ ಗಂಟೆ ವಿವಸ್ತ್ರನಾಗಿ ಮಲಗಿ, ಮತ್ತೆ ನಾಲ್ಕು ಮೈಲಿ ನಡೆದು ಬಂದು ಅದೇ ಊಟವನ್ನು ಮಾಡಿ, ಕೈತೊಳೆದ ಕೂಡಲೇ ಇನ್ನೊಮ್ಮೆ ಅರ್ಧ ಮೈಲಿಯ ಓಟ, ಆರು ಮೈಲಿಯ ನಡಿಗೆ! ಗಜ್ಜರಿ, ಆಲೂಗಡ್ಡೆಗಳು ನೀರಿನಂಶ ಹೆಚ್ಚಾದುವೆಂದು ವರ್ಜ್ಯ. ಇಂದಿನ ವೈದ್ಯರು ಇದನ್ನೋದಿ ನಗಬಹುದು. ಊಟದ ಮೇಲಿನ ಆ ಓಟವನ್ನು ನೆನೆದರೆ ನನಗಂತೂ ನಗೆಗಿಂತ ಮರುಕವೇ ಮುಂದಾಗುತ್ತದೆ.

ಇಂಥ ಶಿಕ್ಷೆಯಿಂದ ಹದಗೊಂಡ ಬಾರ್ಕ್ಲೇಯು 1809ರ ಜೂನ್ 1ರಿಂದ ಜುಲೈ 12ರವರೆಗೆ ನ್ಯೂಮಾರ್ಕೆಟ್ಟಿನಲ್ಲಿ, ಗಂಟೆಗೊಂದರಂತೆ 1000 ಗಂಟೆಗಳಲ್ಲಿ 1000 ಮೈಲಿಗಳನ್ನು ನಡೆದು, 1000 ಗಿನಿಗಳ ಪಣವನ್ನು ಗೆದ್ದನು. ಒಂದು ಗಂಟೆಯ ಕೊನೆಗೆ ಒಂದು ಮೈಲಿಯನ್ನೂ ಮುಂದಿನ ಗಂಟೆಯ ಮೊದಲಿಗೆ ಇನ್ನೊಂದನ್ನೂ ನಡೆದು, ನಡುವೆ ದೊರೆತ ಅವಕಾಶದಲ್ಲಿ ನಿದ್ರಿಸುವುದು ಅವನ ಉಪಾಯವಾಗಿತ್ತು. ಆದರೆ ಕಡೆಯ ದಿನಗಳಲ್ಲಿ ಅವನನ್ನು ಎಬ್ಬಿಸಿದ್ದು ಕೀರ್ತಿಯ ಆಸೆಯಾಗಲಿ ಹಣದ ಆಸೆಯಾಗಲಿ ಅಲ್ಲ, ಅವನದೇ ಅಪ್ಪಣೆಯಂತೆ ಸೇವಕನು ಪ್ರಯೋಗಿಸಿದ ದೊಣ್ಣೆಯೆಂಬ ಮಾತು ಉಳಿದುಬಂದಿದೆ.

ಪಣವು ಹೋಗಿ ಪದಕವು ಬಂದ ಮೇಲೆ ಬೆನ್ನಿಗೆ ನಿಲ್ಲುವವರೂ ಬದಲಾದರು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡೋತ್ಸವದಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದ ಗ್ರಾಮೀಣರನ್ನು ಕಂಡು ವಿಸ್ಮಿತರಾದ ಸರ್ ದೋರಾಬ್‌ಜೀ ಟಾಟಾ ಅವರ ಉದ್ಯಮವಿಲ್ಲದಿದ್ದರೆ, ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರು ಮರುವರ್ಷ ಆಂಟ್‌ವರ್ಪಿನ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡಿ 19ನೆಯವರಾಗಿ ಗುರಿ ಮುಟ್ಟುವ ಪ್ರಸಂಗವೇ ಒದಗುತ್ತಿರಲಿಲ್ಲ. ಆ ವರ್ಷದ ದೂರವಾದರೋ 42.75 ಕಿಲೋಮೀಟರು, ಇಂದಿನ ಮ್ಯಾರಥಾನಿಗಿಂತ ಅರ್ಧ ಕಿಲೋಮೀಟರಿಗೂ ಮಿಗಿಲು.

ಒಡನಾಟವನ್ನೇ ಅಭ್ಯಾಸದ ಅಡಿಗಲ್ಲಾಗಿಸಿದವನು ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್. ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿದ, ಮನೆಮನೆಗೆ ಹಾಲು ಹಾಕುವ ಕೆಲಸವನ್ನೂ ಮಾಡಿದ ಈ ಮನುಷ್ಯನು, ತನಗಿಂತ ಹಿರಿಯನಾದ ಓಟಗಾರನೊಬ್ಬನೊಡನೆ ಐದು ಮೈಲಿ ಓಡುವಷ್ಟರಲ್ಲಿ ಬಸವಳಿದು, ಆ ಅವಮಾನದಿಂದಲೇ ಎಚ್ಚೆತ್ತು, ವರ್ಷಗಟ್ಟಲೆ ತನ್ನ ದೇಹದ ಮೇಲೆಯೇ ಪ್ರಯೋಗ ನಡೆಸಿ, ವಾರಕ್ಕೆ 100 ಮೈಲಿಗಳ ನಿಧಾನದ ಓಟವೇ ಎಲ್ಲ ವೇಗಕ್ಕೂ ತಳಹದಿಯೆಂಬ ನಿರ್ಣಯಕ್ಕೆ ಬಂದನು. ಆಕ್ಲೆಂಡಿನ ಅವನ ನೆರೆಹೊರೆಯ ಹುಡುಗರು ಭಾನುವಾರಗಳಂದು ಗುಂಪುಗೂಡಿ ವೈಟಾಕೆರೆಯ ಗುಡ್ಡದ ದಾರಿಯಲ್ಲಿ 22 ಮೈಲಿ ಓಡುತ್ತಿದ್ದರು. ಗುರುವೂ ಅವರೊಡನೆ ಓಡುತ್ತಿದ್ದನಾಗಿ, ನೆಪ ಹೇಳಿ ಹಿಂದುಳಿಯುವ ದಾರಿಯು ಮುಚ್ಚಿಹೋಗಿತ್ತು. 1960ರ ಸೆಪ್ಟೆಂಬರ್ 2ರಂದು ರೋಮಿನಲ್ಲಿ ಆ ಹುಡುಗರ ಪೈಕಿ ಪೀಟರ್ ಸ್ನೆಲ್ 800 ಮೀಟರಿನಲ್ಲಿಯೂ, ಮರ್ರೇ ಹಾಲ್ಬರ್ಗ್ 5000 ಮೀಟರಿನಲ್ಲಿಯೂ ಒಂದೇ ಅಪರಾಹ್ಣದಲ್ಲಿ ಚಿನ್ನ ಗೆದ್ದರು. ಕೆಲವೇ ದಿನಗಳ ಬಳಿಕ ಬ್ಯಾರಿ ಮಗೀ ಮ್ಯಾರಥಾನಿನಲ್ಲಿ ಮೂರನೆಯವನಾದನು.

ಇದೇ ಪದ್ಧತಿಯನ್ನು ಲಿಡಿಯರ್ಡನು ವಯಸ್ಸಾದವರಿಗೂ ಹೃದ್ರೋಗಿಗಳಿಗೂ ಕಲಿಸತೊಡಗಲು, ಆಕ್ಲೆಂಡಿನಲ್ಲಿ ಅಂಥವರದೊಂದು ಓಟದ ಸಂಘವೇ ಹುಟ್ಟಿಕೊಂಡಿತು. 1962ರಲ್ಲಿ ಅಲ್ಲಿಗೆ ಅತಿಥಿಯಾಗಿ ಬಂದ ಅಮೆರಿಕದ ಪ್ರಸಿದ್ಧ ತರಬೇತುದಾರ ಬಿಲ್ ಬೋವರ್‌ಮನ್ ಆ ಗುಂಪಿನೊಡನೆ ಓಡಹೋಗಿ ಬೇಗನೆ ಹಿಂದೆ ಬಿದ್ದಾಗ, ಎಪ್ಪತ್ತು ದಾಟಿದ, ಹೃದಯಾಘಾತಗಳನ್ನು ಕಂಡುಬಂದಿದ್ದ ವೃದ್ಧನೊಬ್ಬನು ಅವನಿಗಾಗಿ ವೇಗ ತಗ್ಗಿಸಿ ಜೊತೆಗೂಡಿದನು. ಸ್ವದೇಶಕ್ಕೆ ಮರಳಿದ ಬೋವರ್‌ಮನ್ ಯೂಜೀನ್ ಊರಿನಲ್ಲಿ ಅಂಥದೇ ಕೂಟವನ್ನು ಆರಂಭಿಸಿ, 1967ರಲ್ಲಿ ಹೃದ್ರೋಗತಜ್ಞನೊಬ್ಬನೊಡನೆ ಈ ಓಟದ ಕೈಪಿಡಿಯನ್ನು ಪ್ರಕಟಿಸಿದನು. ಪಕ್ಕದಲ್ಲಿ ಓಡುವವನೊಡನೆ ಮಾತನಾಡಲು ಉಸಿರು ಸಾಲದಷ್ಟು ವೇಗವು ಕೂಡದೆಂಬುದು ಆ ಪದ್ಧತಿಯ ನಿಯಮಗಳಲ್ಲೊಂದು.