‘ಸಮರಪರಶುರಾಮ’ ಬಿರುದು ಮತ್ತು ವಿರೋಧಿ ಹಿಂಸೆಯ ವಿಚಾರ

ರಾಜ್ಯರಕ್ಷಣೆಗಾಗಿ ಮಾಡಿದ ವಧೆಯು ಶ್ರಾವಕನ ಅಹಿಂಸಾಣುವ್ರತಕ್ಕೆ ಭಂಗ ತರುವುದೇ ಎಂಬ ಪ್ರಶ್ನೆಗೆ ಆಧುನಿಕ ವ್ಯಾಖ್ಯಾನಕಾರರಲ್ಲಿ ಸಿದ್ಧವಾದ ಉತ್ತರವೊಂದುಂಟು. ಹಿಂಸೆಯು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ವಿಧ. ಗೃಹಸ್ಥನು ಬಿಡಲೇಬೇಕಾದುದು ಸಂಕಲ್ಪಿಯನ್ನು. ಯುದ್ಧವು ವಿರೋಧಿಯಲ್ಲಿ ಅಡಕವಾಗುವುದರಿಂದ ಅದು ಅವನಿಗೆ ನಿಷಿದ್ಧವಲ್ಲ. ಇದಕ್ಕೆ ನಿದರ್ಶನವಾಗಿ ಚಾವುಂಡರಾಯನನ್ನು ಹೆಸರಿಸುವುದೂ ವಾಡಿಕೆ. ಆದರೆ ಅವನ ಕೃತಿಯನ್ನೂ ಆ ಕಾಲದ ಶಾಸ್ತ್ರಗಳನ್ನೂ ಒಟ್ಟಿಗಿರಿಸಿ ಓದಿದಾಗ ಈ ಸಾಕ್ಷಿಯು ನಾವು ಬಯಸುವಷ್ಟು ಅನುಕೂಲವಾಗಿ ನುಡಿಯುವುದಿಲ್ಲ.

ಗಂಗ ಮಾರಸಿಂಹನಿಗೂ ಅನಂತರ ರಾಚಮಲ್ಲನಿಗೂ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ಶಕ 900ರಲ್ಲಿ, ಎಂದರೆ ಕ್ರಿ.ಶ. 978ರಲ್ಲಿ, ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ರಚಿಸಿದನು. ಅದರಲ್ಲಿ ತನ್ನ ಬಿರುದುಗಳನ್ನು ಅವು ಲಭಿಸಿದ ಕಾರಣದೊಡನೆ ಹೇಳಿಕೊಂಡಿದ್ದಾನೆ. ಖೇಡಗದ ಯುದ್ಧದಲ್ಲಿ ವಜ್ಜಳನನ್ನು ಗೆದ್ದುದರಿಂದ ಸಮರಧುರಂಧರ; ನೊಳಂಬರೊಡನೆ ಗೋನೂರಿನಲ್ಲಿ ಕಾದಿದುದರಿಂದ ವೀರಮಾರ್ತಂಡ; ಉಚ್ಚಂಗಿಯ ಕೋಟೆಯ ಕಾಳಗದಿಂದ ರಣರಂಗಸಿಂಗ. ಇವೆಲ್ಲ ಒಡೆಯನ ಕಾರ್ಯದಲ್ಲಿ ಪಡೆದವು. ವಿರೋಧಿ ಹಿಂಸೆಯೆಂಬ ಸಂಜ್ಞೆ ಇವಕ್ಕೆ ಹೇಗೋ ಹೊಂದುತ್ತದೆ. ‘ಸಮರಪರಶುರಾಮ’ ಎಂಬುದು ಹಾಗಲ್ಲ. ತನ್ನ ತಮ್ಮ ನಾಗವರ್ಮನನ್ನು ಕೊಂದ, ಚಲದಂಕಗಂಗನೆಂದು ಹೆಸರಾಗಿದ್ದ ಮುದುರಾಚಯ್ಯನನ್ನು ಕೊಂದುದಕ್ಕಾಗಿ ಬಂದ ಬಿರುದು ಅದು. ತಂದೆಯ ಕೊಲೆಗೆ ಕ್ಷತ್ರಿಯಕುಲದ ಮೇಲೆ ಹಗೆ ತೀರಿಸಿಕೊಂಡ ಪರಶುರಾಮನ ಹೆಸರನ್ನೇ ಆಯ್ದುಕೊಂಡಿರುವುದರಿಂದ ಇದು ಪ್ರತೀಕಾರವೆಂಬುದನ್ನು ಯಾರೂ ಮರೆಮಾಚಲಿಲ್ಲವೆಂದು ತಿಳಿಯಬೇಕು. ಮುಂದಾಗಿ ನಿಶ್ಚಯಿಸಿ, ಒಬ್ಬನನ್ನೇ ಗುರಿಯಾಗಿಸಿ ಮಾಡಿದ ವಧೆಯು ಸಂಕಲ್ಪಿಯಲ್ಲದೆ ಇನ್ನೇನು?

ಅದೇ ಪುರಾಣದಲ್ಲಿ ಸತ್ಯಯುಧಿಷ್ಠಿರ, ಶೌಚಾಭರಣ, ಸಮ್ಯಕ್ತ್ವರತ್ನಾಕರ ಎಂಬ ಬಿರುದುಗಳೂ ಇವೆ. ಶ್ರಾವಕರ ಮತ್ತು ಮುನಿಗಳ ಆಚಾರವನ್ನು ನಿರೂಪಿಸುವ ‘ಚಾರಿತ್ರಸಾರ’ವೂ ಈತನದೇ ಎಂದು ಪರಂಪರೆಯು ಹೇಳುತ್ತದೆ. ಎರಡು ಬಗೆಯ ಬಿರುದುಗಳೂ ಒಂದೇ ಗ್ರಂಥದಲ್ಲಿವೆ. ಒಂದು ಇನ್ನೊಂದಕ್ಕೆ ಸಮರ್ಥನೆಯಾಗಿ ಬಂದಿಲ್ಲ. ಈ ಮೌನವನ್ನು ನಾವು ನಮ್ಮ ವರ್ಗೀಕರಣದಿಂದ ತುಂಬಲು ಹೊರಟಿದ್ದೇವೆ.

ಆ ಕಾಲದ ಆಚಾರ್ಯರಲ್ಲಿ ಏಕಾಭಿಪ್ರಾಯವಿತ್ತೆಂದು ಭಾವಿಸುವುದೂ ಸರಿಯಲ್ಲ. ಸೋಮದೇವಸೂರಿಯು ‘ಯಶಸ್ತಿಲಕ’ವನ್ನು ಮುಗಿಸಿದ್ದು ಶಕ 881ರಲ್ಲಿ (ಕ್ರಿ.ಶ. 959). ಪಾಂಡ್ಯ ಚೋಳ ಚೇರರನ್ನು ಜಯಿಸಿದ ರಾಷ್ಟ್ರಕೂಟ ಮೂರನೆಯ ಕೃಷ್ಣನು ಮೇಲ್ಪಾಟಿಯಲ್ಲಿ ಬೀಡುಬಿಟ್ಟಿದ್ದನೆಂದು ಗ್ರಂಥಾಂತ್ಯದ ಪ್ರಶಸ್ತಿಯೇ ತಿಳಿಸುತ್ತದೆ. ಅಂಥ ದಂಡಯಾತ್ರೆಯ ನಡುವೆ ಬರೆದ ಆ ಯತಿಯು ಅರಸರ ಶಸ್ತ್ರಕ್ಕೆ ಎಲ್ಲೆ ಹಾಕುತ್ತಾನೆ: ರಣದಲ್ಲಿ ಆಯುಧ ಹಿಡಿದು ಎದುರಾದವನ ಮೇಲೆ, ಇಲ್ಲವೆ ನಾಡಿಗೆ ಕಂಟಕನಾದವನ ಮೇಲೆ ಅದನ್ನು ಪ್ರಯೋಗಿಸಬಹುದು, ದೀನರ ಮೇಲೆ, ಸದಾಶಯರ ಮೇಲೆ ಕೂಡದು. ಇದು ಅನುಮತಿಯೂ ಹೌದು, ನಿರ್ಬಂಧವೂ ಹೌದು. ಇದನ್ನು ಉದಾಹರಿಸುವವರು ಮೊದಲರ್ಧವನ್ನು ಮಾತ್ರ ಒತ್ತಿ ಹೇಳುವುದುಂಟು.

ಸುಮಾರು ಇದೇ 10ನೆಯ ಶತಮಾನದ ಅಮೃತಚಂದ್ರಸೂರಿಯ ‘ಪುರುಷಾರ್ಥಸಿದ್ಧ್ಯುಪಾಯ’ದ ನಿಲವು ಬೇರೆ. ಒಂದು ಕ್ರೂರಜೀವಿಯನ್ನು ಕೊಂದರೆ ಹಲವು ಜೀವಿಗಳು ಉಳಿಯುವುವೆಂದು ಬಗೆದು ಕೊಲ್ಲಬಾರದು ಎಂದು ಆತನು ನೇರವಾಗಿ ವಿಧಿಸುತ್ತಾನೆ. ಅರಸನ ದಂಡನೀತಿಯನ್ನು ಕುರಿತ ಮಾತು ಇದಲ್ಲ, ನಿಜ. ಆದರೂ ಹಲವರ ಹಿತಕ್ಕಾಗಿ ಒಬ್ಬನ ವಧೆ ಎಂಬ ವಾದ, ರಾಜಕೀಯ ಹಿಂಸೆಯ ಪರವಾಗಿ ಎಲ್ಲ ಕಾಲದಲ್ಲಿಯೂ ಮುಂದಿಡುವ ವಾದ, ಇಲ್ಲಿ ಬುಡದಲ್ಲಿಯೇ ಕತ್ತರಿಸಿಹೋಗುತ್ತದೆ. ರಾಗಾದಿಗಳು ಹುಟ್ಟುವುದೇ ಹಿಂಸೆ ಎಂಬ ಆತನ ಲಕ್ಷಣವನ್ನು ಒಪ್ಪಿದರೆ, ತಮ್ಮನ ಸಾವಿಗೆ ಕೆರಳಿ ಎತ್ತಿದ ಕತ್ತಿಗೆ ಶಾಸ್ತ್ರದ ಆಸರೆ ಸಿಗದು.

ನಾಲ್ಕು ಬಗೆಯ ವಿಭಾಗವನ್ನೇ ಆ ಕಾಲಕ್ಕೆ ಆರೋಪಿಸುವಲ್ಲಿಯೂ ಎಚ್ಚರ ಬೇಕು. 11ನೆಯ ಶತಮಾನದ ಅಮಿತಗತಿಯ ಶ್ರಾವಕಾಚಾರದಲ್ಲಿರುವುದು ಆರಂಭ, ಅನಾರಂಭ ಎಂಬ ಎರಡೇ ವಿಧ. ಗೃಹಸ್ಥನಿಗೆ ಅನಿವಾರ್ಯವಾದುದನ್ನು ಅದು ಗುರುತಿಸುತ್ತದೆ. ಅನಿವಾರ್ಯವೆಂದು ಸಹಿಸುವುದು ಬೇರೆ, ನಿರ್ದೋಷವೆಂದು ಸಾರುವುದು ಬೇರೆ. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಮಾರಸಿಂಹನ ಯುದ್ಧಗಳನ್ನು ದೀರ್ಘವಾಗಿ ಕೀರ್ತಿಸಿ, ಅವನ ಧರ್ಮಕಾರ್ಯಗಳೆಂದು ಬಸದಿ ಮಾನಸ್ತಂಭಗಳನ್ನು ಬೇರೆಯಾಗಿಯೇ ಹೇಳುತ್ತದೆ; ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡುದು ಅನಂತರ ಬರುತ್ತದೆ.

ಗೊಮ್ಮಟವಿಗ್ರಹವು ಚಾವುಂಡರಾಯನ ಪಶ್ಚಾತ್ತಾಪದ ಫಲವೆಂದು ಹೇಳುವವರಿದ್ದಾರೆ. ಗೆಲುವು ಕೈಗೆ ಬಂದಾಗ ಕೈ ಹಿಂದೆಗೆದ ಬಾಹುಬಲಿಯನ್ನು ಸೇನಾನಿಯೊಬ್ಬನು ಕಡೆಯಿಸಿದನೆಂಬ ಸಂಗತಿ ಅಂಥ ಊಹೆಗೆ ಎಡೆಗೊಡುತ್ತದೆ; ಆಧಾರವಂತೂ ಇಲ್ಲ. 978ರ ಪುರಾಣದಲ್ಲಿ ವಿಗ್ರಹದ ಪ್ರಸ್ತಾಪವೇ ಬಾರದು. ಅವನದೇ ಮಾತು ಇರಬಹುದಾಗಿದ್ದ ಎಡೆ ತ್ಯಾಗದ ಬ್ರಹ್ಮದೇವರ ಕಂಬ. ಅದರ ಉತ್ತರಮುಖದಲ್ಲಿ ಕುಲಪ್ರಶಂಸೆಯೂ ವಜ್ಜಳ ನೊಳಂಬರ ಮೇಲಿನ ವಿಜಯಗಳೂ ಉಳಿದಿವೆ. ಮಿಕ್ಕ ಮೂರು ಮುಖಗಳ ಬರಹವನ್ನು ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬಾತನು ತನ್ನ ಎರಡೂವರೆ ಸಾಲಿನ ಶಾಸನಕ್ಕಾಗಿ ಕೆತ್ತಿ ಅಳಿಸಿಬಿಟ್ಟನು.