ಕುರಿಮಂದೆಯ ನಡುವೆ ಒಂದು ಹೂದೋಟ

ಹಳೇ ಊರಲ್ಲಿ ಹೊಸ ತೋಟ ಮಾಡೋದು ಸೂಕ್ಷ್ಮದ ಕೆಲಸ. ಅಲ್ಲಿ ನೂರಾರು ವರ್ಷದ ಗೋಡೆ, ದಾರಿ, ಹೊಲ ಎಲ್ಲ ಮೊದಲೇ ಇರತ್ತೆ. ನಾವು ಹೋಗಿ ನಡುವೆ ಒಂದು ಕಾರಂಜಿ ನಿಲ್ಲಿಸಿದ್ರೆ ಮದುವೆ ಮಂಟಪದ ಥರ ಕಾಣತ್ತೆ. ಇದನ್ನ ಚೆನ್ನಾಗಿ ಅರಿತಿದ್ದವರು ಇಂಗ್ಲೆಂಡಿನ ಗರ್ಟ್ರೂಡ್ ಜೀಕಲ್ (1843-1932). ಸುಮಾರು ನಾನೂರು ತೋಟ ಮಾಡಿದ ಈ ಅಜ್ಜಿಯ ಕೆಲಸದಲ್ಲಿ ನಂಗೆ ತುಂಬಾ ಹಿಡಿಸಿದ್ದು ತೀರಾ ಪುಟ್ಟದೊಂದು ತೋಟ.

ಅದಿರೋದು ಈಶಾನ್ಯ ಕರಾವಳಿಯ ಲಿಂಡಿಸ್‌ಫಾರ್ನ್‌ನಲ್ಲಿ. ದಿನಕ್ಕೆರಡು ಸಲ ಸಮುದ್ರ ಉಕ್ಕಿ, ದಾರಿ ಮುಳುಗಿ, ಊರು ದ್ವೀಪವಾಗತ್ತೆ. 793ರಲ್ಲಿ ವೈಕಿಂಗರು ಕೊಳ್ಳೆ ಹೊಡೆದದ್ದು ಇಲ್ಲಿನ ಮಠವನ್ನೇ. ಆಮೇಲೆ ಮತ್ತೆ ತಲೆಯೆತ್ತಿದ ಮಠವನ್ನ 16ನೇ ಶತಮಾನದಲ್ಲಿ ಮುಚ್ಚಿಸಿ, ಅದರ ಕಲ್ಲನ್ನೇ ಹೊತ್ತು ಗುಡ್ಡದ ಮೇಲೆ ಸಣ್ಣ ಕೋಟೆ ಕಟ್ಟಿದ್ರು. 1901ರಲ್ಲಿ ಕೋಟೆ ಕೊಂಡವರು 'ಕಂಟ್ರಿ ಲೈಫ್' ಪತ್ರಿಕೆಯ ಒಡೆಯ ಎಡ್ವರ್ಡ್ ಹಡ್ಸನ್. ಅದನ್ನ ಮನೆಯಾಗಿಸೋ ಕೆಲಸ ಲುಟಿಯನ್ಸ್‌ಗೆ ಸಿಕ್ತು. ಹೌದು, ಮುಂದೆ ಹೊಸದಿಲ್ಲಿ ಕಟ್ಟಿದ ಅದೇ ಲುಟಿಯನ್ಸ್!

ಲುಟಿಯನ್ಸ್ ಮತ್ತು ಜೀಕಲ್ 1889ರಿಂದಲೂ ಪರಿಚಿತರು. ಇಬ್ರೂ ಕುದುರೆಗಾಡಿಯಲ್ಲಿ ಸರ್ರೆಯ ಹಳ್ಳಿ ಸುತ್ತಿ ಹಳೇ ಮನೆಗಳನ್ನ ನೋಡ್ತಿದ್ರಂತೆ. ಆ ಹಳ್ಳಿಬದುಕು ಕಣ್ಣೆದುರೇ ಕರಗ್ತಿದೆ ಅಂತ ಜೀಕಲ್ ತಾವೇ ಫೋಟೋ ತೆಗೆದು 1904ರಲ್ಲಿ 'ಓಲ್ಡ್ ವೆಸ್ಟ್ ಸರ್ರೆ' ಪುಸ್ತಕ ಮಾಡಿದ್ರು. ಚಿತ್ರಕಲೆ ಕಲಿತವರು, ಕಣ್ಣು ಮಂಜಾಗ್ತಾ ಬಂದಮೇಲೆ ತೋಟಕ್ಕೆ ಇಳಿದವರು. ಹಾಗಾಗಿ ಅವರ ಹೂಪಾತಿಗಳಲ್ಲಿ ಬಣ್ಣ ಒಂದಕ್ಕೊಂದು ಕರಗಿ ಸಾಗತ್ತೆ.

ಇಂಥವರು 1911ರಲ್ಲಿ ಲಿಂಡಿಸ್‌ಫಾರ್ನ್‌ಗೆ ಏನು ಮಾಡಿದ್ರು ಗೊತ್ತಾ? ತೋಟಕ್ಕೆ ಕೋಟೆಯ ಬುಡವನ್ನ ಆರಿಸಲಿಲ್ಲ. ದೂರದಲ್ಲಿ, ಕುರಿ ಮೇಯೋ ಹೊಲದ ನಡುವೆ, ಹಿಂದೆ ಸೈನಿಕರು ತರಕಾರಿ ಬೆಳೀತಿದ್ದ ಕಲ್ಲುಗೋಡೆಯ ತುಂಡು ಜಾಗವಿತ್ತು. ಅದನ್ನೇ ಆರಿಸಿಕೊಂಡ್ರು. ಗೋಡೆ ಕಟ್ಟಿದ್ದು ಸುಮ್ನೆ ಅಲ್ಲ, ಸಮುದ್ರದ ಉಪ್ಪುಗಾಳಿಗೆ ಅಲ್ಲಿ ಬೇರೇನೂ ಬದುಕಲ್ಲ. ತರಕಾರಿ ಕಾಯ್ತಿದ್ದ ಗೋಡೆ ಇನ್ನು ಹೂ ಕಾಯ್ತು. ಹಡ್ಸನ್ ಬರ್ತಿದ್ದದ್ದು ಬೇಸಿಗೆಗೆ, ಅದಕ್ಕೇ ಬೇಸಿಗೆ ಹೂಗಳೇ ಹೆಚ್ಚು: ಹಾಲಿಹಾಕ್, ಸ್ವೀಟ್ ಪೀ, ಅಂಚಿಗೆ ಬೂದುಬಣ್ಣದ ಮೆತ್ತನೆ ಎಲೆಯ ಗಿಡ.

ಮೀನುಗಾರರ ದ್ವೀಪದಲ್ಲಿ ಲಂಡನ್ ಸಾಹುಕಾರನ ಶೋಕಿ ಅಲ್ವಾ ಇದು ಅಂತ ಕೇಳಬಹುದು. ಶೋಕಿಯೇ, ಒಪ್ತೀನಿ. ಆದ್ರೆ ಹೊರಗಿನಿಂದ ನೋಡೋವ್ರಿಗೆ ಹೊಲ ಹೊಲವಾಗಿಯೇ ಉಳೀತು. ದಿಲ್ಲಿಯಲ್ಲಿ ವೈಸರಾಯ್ ಭವನದ ಹಿಂದೆ ಲುಟಿಯನ್ಸ್ ಹಾಕಿದ ಭಾರೀ ಉದ್ಯಾನ (2023ರಿಂದ ಅಮೃತ ಉದ್ಯಾನ) ನೆನಪಿಸಿಕೊಳ್ಳಿ, ವ್ಯತ್ಯಾಸ ತಿಳಿಯತ್ತೆ.

1921ರಲ್ಲಿ ಹಡ್ಸನ್ ಕೋಟೆ ಮಾರಿದ್ರು, 1944ರಲ್ಲಿ ಅದು ನ್ಯಾಷನಲ್ ಟ್ರಸ್ಟ್ ಕೈಗೆ ಬಂತು. ಅಷ್ಟರಲ್ಲಿ ತೋಟ ತನ್ನ ರೂಪ ಕಳ್ಕೊಂಡಿತ್ತು. ಅದೃಷ್ಟಕ್ಕೆ ನಕ್ಷೆಯ 'ಬ್ಯಾಕಪ್' ಇತ್ತು :) ಅಮೆರಿಕದ ತೋಟಗಾರ್ತಿ ಬಿಯಾಟ್ರಿಕ್ಸ್ ಫ್ಯಾರಂಡ್ ಜೀಕಲ್ ಅವರ ಕಾಗದಪತ್ರ ಕೊಂಡು ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ರು. ಅದನ್ನ ನೋಡ್ಕೊಂಡೇ ಟ್ರಸ್ಟ್‌ನವರು ಈ ಶತಮಾನದ ಮೊದಲ ದಶಕದಲ್ಲಿ ಪಾತಿಗಳನ್ನ ಮತ್ತೆ ನೆಟ್ರು. ಗೋಡೆಯಾಚೆ ಈಗಲೂ ಕುರಿ ಮೇಯ್ತವೆ.